ಮಳೆಯ ತಲೆಗೆ ಕಟ್ಟಿದ ತಪ್ಪು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಡಾಂಬರು ರಸ್ತೆಗಳು ಆರಿದ್ರಾ ಮಳೆಗೆ ಬಿರುಕು ಬಿಟ್ಟು, ಪುನರ್ವಸುವಿಗೆ ಗುಂಡಿ ಬಿದ್ದು, ಆಶ್ಲೇಷಾ ಮುಗಿಯುವ ಹೊತ್ತಿಗೆ ಅಂಚು ಕಳಚಿಕೊಂಡಿರುತ್ತವೆ. ಇದಕ್ಕೆ ಕೊಡುವ ಕಾರಣ ಒಂದೇ: ಮಲೆನಾಡಿನ ಮಳೆ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ಈ ಉತ್ತರ, ಕಚೇರಿಗೆ ಮನವಿ ಕೊಟ್ಟರೆ ಈ ಉತ್ತರ. ಬಸ್ಸಿನಲ್ಲಿ ಕುಲುಕಾಡುತ್ತ ಕೂತವರು ತಮ್ಮತಮ್ಮಲ್ಲೇ ಹೇಳಿಕೊಳ್ಳುವುದೂ ಇದನ್ನೇ. ‘ಈ ಮಳೆಗೆ ಯಾವ ರಸ್ತೆ ತಡೀತದೆ?’ ಎಂದು ಕೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಈ ನಂಬಿಕೆ ಬುಡದಿಂದಲೇ ತಪ್ಪು. ರಸ್ತೆಯನ್ನು ಕೆಡಿಸುವುದು ಹೋಗಲು ದಾರಿ ಸಿಗದೆ ಅದರ ಮೇಲೆ, ಮಗ್ಗುಲಲ್ಲಿ, ಅಡಿಯಲ್ಲಿ ನಿಂತ ನೀರು. ಮಳೆ ಎಷ್ಟು ಬರಬೇಕೆಂಬುದು ಯಾರ ಕೈಯಲ್ಲೂ ಇಲ್ಲ. ಬಂದ ನೀರು ಎಲ್ಲಿ ಹರಿಯಬೇಕೆಂಬುದು ಪೂರ್ತಿಯಾಗಿ ರಸ್ತೆ ಮಾಡುವವರ, ಅದನ್ನು ನೋಡಿಕೊಳ್ಳುವವರ ಕೈಯಲ್ಲಿದೆ.

ಈ ಮೂರು ತಾಲ್ಲೂಕುಗಳಲ್ಲಿ ಹೆದ್ದಾರಿಗಳಿಗೆ ಕೊರತೆಯಿಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಸಾಗರದ ಮೂಲಕ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿ ಜನರ ಬಾಯಲ್ಲಿ ಇನ್ನೂ 206, ಹೊಸ ಲೆಕ್ಕದಲ್ಲಿ 69. ಬೈಂದೂರಿನಿಂದ ಕೊಲ್ಲೂರು, ನಗರ, ಹೊಸನಗರ ದಾಟಿ ರಾಣೆಬೆನ್ನೂರಿನತ್ತ ಸಾಗುವುದು 766ಸಿ. ಶಿವಮೊಗ್ಗದಿಂದ ತೀರ್ಥಹಳ್ಳಿ, ಶೃಂಗೇರಿ, ಕಾರ್ಕಳ ಮಾರ್ಗವಾಗಿ ಮಂಗಳೂರು ಸೇರುವುದು 169. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದು 169ಎ. ಹುಲಿಕಲ್ಲಿನ ಬಾಳೆಬರೆ ಘಾಟಿ ಕುಂದಾಪುರದ ಕಡೆಯ ದಾರಿ. ಇವುಗಳಿಗೆ ಕೂಡುವ ಊರೊಳಗಿನ ರಸ್ತೆಗಳ ಜಾಲ ಇನ್ನೂ ದೊಡ್ಡದು. ಮಲೆನಾಡಿನ ದಿನನಿತ್ಯದ ಬದುಕು ಓಡಾಡುವುದು ಅವುಗಳ ಮೇಲೆ.

ಮಳೆಯ ಅಳತೆಯನ್ನು ಕಡಿಮೆ ಮಾಡಿ ಹೇಳುವ ಅಗತ್ಯವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಹುಲಿಕಲ್ಲು ಅದಕ್ಕೆ ಸರಿಜೋಡಿ. ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ 7 ಮೀಟರ್ ಅಗಲದ ರಸ್ತೆಯ ಪ್ರತಿ ಕಿಲೋಮೀಟರಿನ ಮೇಲೆ ವರ್ಷಕ್ಕೆ 4 ಕೋಟಿ 90 ಲಕ್ಷ ಲೀಟರ್ ನೀರು ಸುರಿಯುತ್ತದೆ. ಇದು ಡಾಂಬರಿನ ಮೇಲೆ ನೇರ ಬಿದ್ದದ್ದು ಮಾತ್ರ. ಮೇಲಿನ ಗುಡ್ಡದಿಂದ ಇಳಿದು ಬರುವ ನೀರು, ಧರೆಯೊಳಗಿನಿಂದ ಒಸರುವ ನೀರು ಬೇರೆ. ಈ ಲೆಕ್ಕ ಗೊತ್ತಿದ್ದವರು ರಸ್ತೆ ಮಾಡಲು ಹೊರಟರೆ ಮೊದಲು ಯೋಚಿಸಬೇಕಾದದ್ದು ನೀರಿನ ದಾರಿಯನ್ನು, ಆಮೇಲೆ ವಾಹನದ ದಾರಿಯನ್ನು. ನಡೆಯುತ್ತಿರುವುದು ತಿರುಗಾಮುರುಗಾ. ಅಂದಾಜು ಪಟ್ಟಿಯಲ್ಲಿ ಚರಂಡಿ, ಮೋರಿಗಳು ಕೊನೆಗೆ ಬರುತ್ತವೆ. ಹಣ ಸಾಲದೆ ಬಂದಾಗ ಮೊದಲು ಬಿಟ್ಟುಹೋಗುವುದೂ ಅವೇ.

ಗುಂಡಿ ಬೀಳುವ ಬಗೆಯನ್ನು ಹತ್ತಿರದಿಂದ ನೋಡಿದರೆ ಮಳೆಯ ಮೇಲಿನ ಆರೋಪ ನಿಲ್ಲುವುದಿಲ್ಲ. ಡಾಂಬರು ನೀರಿಗೆ ಕರಗುವ ವಸ್ತುವಲ್ಲ. ಆದರೆ ಜಲ್ಲಿಕಲ್ಲಿಗೆ ಡಾಂಬರಿಗಿಂತ ನೀರಿನ ನಂಟು ಹೆಚ್ಚು. ನೀರು ಬಹಳ ಹೊತ್ತು ನಿಂತರೆ ಕಲ್ಲಿಗೂ ಡಾಂಬರಿನ ಪದರಕ್ಕೂ ನಡುವೆ ನುಸುಳಿ ಹಿಡಿತ ಬಿಡಿಸುತ್ತದೆ. ಬಿರುಕಿನೊಳಗೆ ಇಳಿದದ್ದು ಕೆಳಗಿನ ಜಲ್ಲಿ ಹಾಸನ್ನು, ಅದರಡಿಯ ಮಣ್ಣನ್ನು ನೆನೆಸುತ್ತದೆ. ಆಗ ಲಾರಿಯ ಚಕ್ರ ಹಾದರೆ ಒಳಗೆ ಸಿಕ್ಕಿಬಿದ್ದ ನೀರಿನ ಮೇಲೆ ಒತ್ತಡ ಬಿದ್ದು, ಅದು ಪಕ್ಕದ ಬಿರುಕಿನಿಂದ ಕೆಸರಿನ ಜೊತೆ ಚಿಮ್ಮುತ್ತದೆ. ಮಳೆ ನಿಂತ ಮೇಲೂ ರಸ್ತೆಯ ಬಿರುಕಿನ ಸುತ್ತ ಕೆಮ್ಮಣ್ಣಿನ ಕಲೆ ಕಂಡರೆ ಅಡಿಯ ಮಣ್ಣು ಮೇಲೆ ಬರುತ್ತಿದೆ ಎಂದೇ ಅರ್ಥ. ಹೀಗೆ ಒಳಗೆ ಪೊಳ್ಳಾದ ಜಾಗ ಒಂದು ದಿನ ಕುಸಿಯುತ್ತದೆ. ಅದಕ್ಕೆ ಜಲ್ಲಿಪುಡಿ ತುಂಬಿ ಮೇಲೆ ಡಾಂಬರು ಸವರುವ ಪ್ಯಾಚ್ ಕೆಲಸ ಮುಂದಿನ ಮಳೆಯವರೆಗೂ ಉಳಿಯುವುದಿಲ್ಲ. ನೀರು ನಿಲ್ಲುವ ಕಾರಣ ಹಾಗೇ ಇರುವುದರಿಂದ ಗುಂಡಿ ಅದೇ ಜಾಗದಲ್ಲಿ ಮತ್ತೆ ಬೀಳುತ್ತದೆ. ಊರಿನವರಿಗೆ ಈ ಜಾಗಗಳು ಚೆನ್ನಾಗಿ ಗೊತ್ತು. ಮಳೆಯೇ ಕಾರಣವಾಗಿದ್ದರೆ ಗುಂಡಿಗಳು ರಸ್ತೆಯುದ್ದಕ್ಕೂ ಒಂದೇ ಸಮ ಬೀಳಬೇಕಿತ್ತು. ಅವು ಬೀಳುವುದು ತಗ್ಗಿನಲ್ಲಿ, ಮೋರಿ ಕಟ್ಟಿಕೊಂಡಲ್ಲಿ, ಚರಂಡಿ ಮುಚ್ಚಿಹೋದಲ್ಲಿ, ಧರೆಯ ಬುಡದಲ್ಲಿ. ಅದೇ ರಸ್ತೆ, ಅದೇ ಗುತ್ತಿಗೆ, ಅದೇ ಮಳೆ. ಏರಿನ ಮೇಲೆ, ಎರಡೂ ಬದಿ ನೀರು ಇಳಿದು ಹೋಗುವಲ್ಲಿ, ಡಾಂಬರು ವರ್ಷಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. 1816ರಲ್ಲಿ ಬ್ರಿಸ್ಟಲ್ ಸುತ್ತಿನ ರಸ್ತೆಗಳ ಹೊಣೆ ಹೊತ್ತ ಜಾನ್ ಮೆಕಾಡಂ ಹೇಳಿಕೊಟ್ಟ ತತ್ವದ ತಿರುಳೇ ಇದು: ವಾಹನದ ಭಾರ ಹೊರುವುದು ಕೊನೆಗೂ ಅಡಿಯ ಮಣ್ಣು, ಅದು ಒಣಗಿದ್ದರೆ ಎಷ್ಟು ಭಾರವನ್ನೂ ತಡೆಯುತ್ತದೆ, ನೆನೆದರೆ ಎಷ್ಟು ದಪ್ಪದ ಕಲ್ಲು ಹಾಸಿದರೂ ಕುಸಿಯುತ್ತದೆ. ಮೇಲಿನ ಹಾಸು ಆ ಮಣ್ಣಿಗೆ ಹೊದಿಸಿದ ಚಾವಣಿ. ಅವನಿಗೂ ಮೊದಲು ಫ್ರಾನ್ಸಿನ ಪಿಯರ್ ಟ್ರೆಸಗೆ ರಸ್ತೆ ಕಟ್ಟುವುದರಷ್ಟೇ ಅದನ್ನು ದಿನವೂ ನೋಡಿಕೊಳ್ಳುವುದು ಮುಖ್ಯವೆಂದು ವಾದಿಸಿದ್ದ. ಭಾರತದಲ್ಲಿ ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆಯ ನೀರು ಬಸಿಯುವ ವ್ಯವಸ್ಥೆಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ, ಗುಡ್ಡಗಾಡು ರಸ್ತೆಗಳಿಗೆ ಬೇರೆ ಕೈಪಿಡಿಯನ್ನೂ ಕೊಟ್ಟಿದೆ. ಹಾಸಿನ ದಪ್ಪ ನಿರ್ಧರಿಸುವ ಮುನ್ನ ಅಡಿಮಣ್ಣಿನ ಮಾದರಿಯನ್ನು ನಾಲ್ಕು ದಿನ ನೀರಲ್ಲಿ ನೆನೆಸಿ ಅದರ ತಾಳಿಕೆ ಅಳೆಯುವ ಪರೀಕ್ಷೆ ಎಂಜಿನಿಯರಿಂಗ್ ಕಾಲೇಜಿನ ಪ್ರತಿ ವಿದ್ಯಾರ್ಥಿಗೂ ಗೊತ್ತು. ಆದ್ದರಿಂದ ‘ಮಲೆನಾಡಿನ ಮಳೆಗೆ ತಂತ್ರಜ್ಞಾನವಿಲ್ಲ’ ಎನ್ನುವುದು ನಿಜವಲ್ಲ. ತಂತ್ರಜ್ಞಾನ ಪುಸ್ತಕದಲ್ಲಿದೆ, ಹಾರೆ ಗುದ್ದಲಿಗೆ ಇಳಿದಿಲ್ಲ.

ಪುಸ್ತಕವೂ ಬೇಡ ಎನ್ನುವವರು ಕವಲೇದುರ್ಗಕ್ಕೆ ಹೋಗಿ ನೋಡಬಹುದು. ತೀರ್ಥಹಳ್ಳಿ ತಾಲ್ಲೂಕಿನ ಈ ಕೋಟೆಗೆ ಏರುವ ಹಾಸುಗಲ್ಲಿನ ದಾರಿ ಕೆಳದಿ ಅರಸರ ಕಾಲದ್ದು. ಮಲೆನಾಡಿನ ಮುಂಗಾರು ಅದರ ಮೇಲೆ ಶತಮಾನಗಳಿಂದ ಸುರಿಯುತ್ತಿದೆ, ಜನ ಇಂದಿಗೂ ಅದರ ಮೇಲೆಯೇ ಹತ್ತುತ್ತಾರೆ. ಬಿದನೂರಿನ ಮೆಣಸು, ಅಕ್ಕಿ ಘಾಟಿ ಇಳಿದು ಬಸ್ರೂರು, ಹೊನ್ನಾವರ, ಭಟ್ಕಳದ ಬಂದರುಗಳನ್ನು ಸೇರುತ್ತಿದ್ದುದು ಎತ್ತಿನ ಹೇರುಗಳ ದಾರಿಯಲ್ಲಿ. ಆ ದಾರಿಗಳಿಗೆ ಇಂದಿನ ಲಾರಿಯ ಭಾರವಿರಲಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಇಲ್ಲಿನ ವಿಷಯ ಮಳೆ. ಅಂದಿನ ಮಳೆ ಇಂದಿನದಕ್ಕಿಂತ ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು.

ಇನ್ನೂ ಹತ್ತಿರದ ಸಾಕ್ಷಿ ಅಡಿಕೆ ತೋಟ. ಸಾಗರ, ಹೊಸನಗರದ ಕಣಿವೆಗಳಲ್ಲಿ ತೋಟವಿರುವುದೇ ಗುಡ್ಡದ ನೀರೆಲ್ಲ ಬಂದು ಸೇರುವ ತಗ್ಗಿನಲ್ಲಿ. ಅಲ್ಲಿ ಎರಡು ಸಾಲು ಮರಗಳ ನಡುವೆ ಒಂದು ಕಪ್ಪು. ಕಪ್ಪುಗಳೆಲ್ಲ ಕೂಡುವಲ್ಲಿ ದೊಡ್ಡ ಕಾಲುವೆ. ತೋಟದ ತಲೆಯ ಮೇಲೆ, ಗುಡ್ಡದ ನೀರು ಒಳಗೆ ನುಗ್ಗದಂತೆ, ಅಗಳು. ಮಳೆ ಹಿಡಿಯುವ ಮೊದಲು ಕಪ್ಪಿನ ಹೂಳೆತ್ತದಿದ್ದರೆ ಬೇರು ಕೊಳೆತು ಮರ ಹೋಗುತ್ತದೆಂದು ತೋಟದ ಕೆಲಸಕ್ಕೆ ಬರುವ ಆಳಿಗೂ ಗೊತ್ತು. ಮಳೆ ಜೋರಾದ ರಾತ್ರಿ ಕಂಬಳಿ ಕೊಪ್ಪೆ ಹಾಕಿಕೊಂಡು, ಬ್ಯಾಟರಿ ಹಿಡಿದು, ಕಪ್ಪಿಗೆ ಅಡ್ಡಬಿದ್ದ ಸೋಗೆಯನ್ನು ಎತ್ತಿ ಹಾಕಿ ಬರುವವರಿದ್ದಾರೆ. ಬೇಲಿಯ ಈಚೆ ಇಷ್ಟು ಎಚ್ಚರ. ಬೇಲಿಯ ಆಚೆ ಅದೇ ಮಣ್ಣಿನ ಮೇಲೆ, ಅದೇ ಮಳೆಯಲ್ಲಿ, ಕೋಟಿಗಟ್ಟಲೆ ಖರ್ಚಿನ ರಸ್ತೆ ಕಪ್ಪಿಲ್ಲದೆ ಕೊಳೆಯುತ್ತದೆ. ಅಡಿಕೆ ಮರಕ್ಕೆ ಸಿಗುವ ಆರೈಕೆ ಹೆದ್ದಾರಿಗೆ ಸಿಗದಿರುವುದು ನೋವಿನ ಸಂಗತಿ, ನಾಚಿಕೆಯದೂ ಹೌದು.

ರಸ್ತೆಯ ಚರಂಡಿ ಹೋದದ್ದೆಲ್ಲಿಗೆ? ಅದು ಒಂದೇ ದಿನ ಮಾಯವಾಗಲಿಲ್ಲ. ಮೊದಲು ಲೋಕೋಪಯೋಗಿ ಇಲಾಖೆಯಲ್ಲಿ ಇಷ್ಟು ಮೈಲಿಗೆ ಇಷ್ಟು ಜನ ಎಂದು ಗ್ಯಾಂಗ್ ಕೂಲಿಗಳಿದ್ದರು. ತಮ್ಮ ಪಾಲಿನ ರಸ್ತೆಯ ಪ್ರತಿ ಮೋರಿಯನ್ನೂ ಅವರು ಹೆಸರಿಟ್ಟು ಗುರುತಿಸುತ್ತಿದ್ದರು. ಚರಂಡಿ ಕೆರೆಯುವುದು, ಮೋರಿಯ ಬಾಯಿ ಬಿಡಿಸುವುದು, ರಸ್ತೆ ಬದಿಯ ಹುಲ್ಲು ಹೆರೆಯುವುದು ಅವರ ನಿತ್ಯದ ಕೆಲಸ. ಆ ವ್ಯವಸ್ಥೆ ಕ್ರಮೇಣ ಕರಗಿ, ಅದರ ಜಾಗಕ್ಕೆ ವರ್ಷಕ್ಕೊಮ್ಮೆ ಕರೆಯುವ ಟೆಂಡರ್ ಬಂತು. ಜುಲೈ ತಿಂಗಳ ನಡುರಾತ್ರಿ ಮೋರಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ ಅದನ್ನು ಎಳೆದು ಹಾಕುವ ಟೆಂಡರ್ ಇರುವುದಿಲ್ಲ. ನೀರು ಮೋರಿ ಬಿಟ್ಟು ರಸ್ತೆಯ ಮೇಲೆ ಹರಿದು, ಬೆಳಗಾಗುವುದರೊಳಗೆ ಮಗ್ಗುಲು ಕೊರೆದಿರುತ್ತದೆ. ಹತ್ತು ನಿಮಿಷದ ಕೆಲಸ ತಪ್ಪಿದ್ದಕ್ಕೆ ಲಕ್ಷಾಂತರ ರೂಪಾಯಿಯ ತಡೆಗೋಡೆ ಕಟ್ಟಬೇಕಾಗುತ್ತದೆ.

ಉಳಿದ ಚರಂಡಿಯನ್ನು ಮುಚ್ಚಿದವರು ಹಲವರು. ಕೇಬಲ್ ಕಂಪನಿಗಳು, ಕುಡಿಯುವ ನೀರಿನ ಯೋಜನೆಗಳು ಪೈಪು ಹೂಳಲು ಅಗೆದದ್ದು ಚರಂಡಿಯ ಗುಂಟವೇ. ಅಗೆದ ಮಣ್ಣನ್ನು ಅದರ ಮೇಲೆಯೇ ಎಳೆದು ಹೋದರು. ಮನೆಗೆ, ಅಂಗಡಿಗೆ, ಗದ್ದೆಗೆ ರಸ್ತೆಯಿಂದ ದಾರಿ ಮಾಡಿಕೊಂಡವರು ಪೈಪು ಹಾಕದೆ ಮಣ್ಣು ತುಂಬಿದರು. ಈ ತಪ್ಪಿನಲ್ಲಿ ಊರಿನವರ ಪಾಲು ಸಣ್ಣದಲ್ಲ; ಅದನ್ನು ಬಿಟ್ಟು ಇಲಾಖೆಯೊಂದನ್ನೇ ಬೈದರೆ ನ್ಯಾಯವಾಗದು. ಕಾಡು ಸವರಿ ಹಾಕಿದ ಅಕೇಶಿಯಾ ನೆಡುತೋಪುಗಳ ಎಲೆ ಬೇಗ ಕೊಳೆಯುವುದಿಲ್ಲ. ಚರಂಡಿಗೆ ಬಿದ್ದು ಚಾಪೆಯಂತೆ ಹೆಣೆದುಕೊಂಡು ಮೋರಿಯ ಬಾಯಿ ಕಟ್ಟುತ್ತದೆ. ಇದೆಲ್ಲದರ ಮೇಲೆ ರಸ್ತೆ ಬದಿಯ ಹುಲ್ಲು ವರ್ಷವರ್ಷವೂ ಮಣ್ಣು ಹಿಡಿದು, ಬದಿಯೇ ರಸ್ತೆಗಿಂತ ಎತ್ತರವಾಗುತ್ತದೆ. ರಸ್ತೆಯ ನಡುವೆ ಉಬ್ಬು ಇರಬೇಕೆಂಬ ನಿಯಮವಿರುವುದು ನೀರು ಎರಡೂ ಬದಿಗೆ ಇಳಿಯಲೆಂದು. ಹೆಚ್ಚು ಮಳೆಯ ಸೀಮೆಗೆ ನೂರಕ್ಕೆ ಎರಡೂವರೆಯ ಇಳಿಜಾರು ಹೇಳಿದೆ. 7 ಮೀಟರ್ ರಸ್ತೆಯಲ್ಲಿ ನಡು ಅಂಚಿಗಿಂತ ಸುಮಾರು 9 ಸೆಂ.ಮೀ. ಎತ್ತರವಿರಬೇಕು. ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹೋದಂತೆ ಆ ಉಬ್ಬು ಚಪ್ಪಟೆಯಾಗಿದೆ, ಅಂಚು ಹುಲ್ಲಿನ ದಂಡೆಯಾಗಿದೆ. ರಸ್ತೆಯೇ ಚರಂಡಿಯಾಗುವುದು ಹೀಗೆ.

ಇದಕ್ಕೆ ಪರಿಹಾರವೆಂದು ಮುಂದಿಡುವ ಮೊದಲ ಮಾತು ಅಗಲೀಕರಣ. ಅಗಲವಾದ ರಸ್ತೆ ಬೇಡವೆಂದು ಯಾರೂ ಹೇಳುವುದಿಲ್ಲ. ಅಗಲ ಮಾಡುವ ರೀತಿ ಮಲೆನಾಡಿಗೆ ಹೊಂದುವುದಿಲ್ಲ. ಇಲ್ಲಿನ ಗುಡ್ಡಗಳಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ ಪದರ, ಅದರಡಿ ಬಿಳಿ-ನಸುಗೆಂಪು ಬಣ್ಣದ ಮೆದು ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯಂತೆ ನಿಲ್ಲುತ್ತದೆ, ನೆನೆದರೆ ಕರಗಿ ಹರಿಯುತ್ತದೆ. ಜೆಸಿಬಿ ಹಚ್ಚಿ ಧರೆಯನ್ನು ನೆಟ್ಟಗೆ ಕತ್ತರಿಸಿದಾಗ ಈ ಪದರ ಬಯಲಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಕೆಲಸ ಮುಗಿಸಿ ಹೋದವರಿಗೆ ಎಲ್ಲವೂ ಭದ್ರವಾಗಿ ಕಂಡಿರುತ್ತದೆ. ಮಳೆಗೆ ಶೇಡಿ ಕೊರೆದು ಹೋಗಿ, ಮೇಲಿನ ಜಂಬಿಟ್ಟಿಗೆಯ ಹಾಸು ಮರದ ಸಮೇತ ರಸ್ತೆಗೆ ಬರುತ್ತದೆ. ಅದಕ್ಕೆ ‘ಧರೆ ಕುಸಿತ’ ಎಂದು ಹೆಸರಿಟ್ಟು ಪ್ರಕೃತಿ ವಿಕೋಪದ ಖಾತೆಗೆ ಬರೆಯಲಾಗುತ್ತದೆ. ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ ಕಡಿದು, ನೆತ್ತಿಯ ಮೇಲೆ ಅಗಳು ತೋಡಿ, ಮುಖಕ್ಕೆ ಲಾವಂಚ ನೆಟ್ಟರೆ ಬಹುಪಾಲು ಕುಸಿತ ತಪ್ಪುತ್ತದೆ. ಲಾವಂಚದ ಬೇರು ಎರಡು ಮೂರು ಮೀಟರ್ ಆಳಕ್ಕೆ ನೇರ ಇಳಿದು ಮಣ್ಣು ಹಿಡಿಯುತ್ತದೆ.

ನೆಟ್ಟಗೆ ಕತ್ತರಿಸಿದ ಗುಡ್ಡ ಏನು ಮಾಡಬಲ್ಲದೆಂದು ಪಕ್ಕದ ಉತ್ತರ ಕನ್ನಡ ಜಿಲ್ಲೆ ಕಂಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ಚಹಾದಂಗಡಿಯೂ ಅಲ್ಲಿ ನಿಂತ ವಾಹನಗಳೂ ಗಂಗಾವಳಿ ನದಿಯ ಪಾಲಾದವು. ಕೊಚ್ಚಿಹೋದ ಲಾರಿ ಮತ್ತು ಅದರ ಚಾಲಕನ ದೇಹ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನ ಕೊನೆಗೆ. 2022ರ ಜುಲೈಯಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತ್ತು. ಹದಿನಾಲ್ಕು ತಿರುವುಗಳ ಆ ಕಿರಿದಾದ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ತಡೆಯುವ ಆದೇಶ ಈಗ ವಾಡಿಕೆಯಾಗಿದೆ. ಸುರಂಗ ಕೊರೆದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಘಾಟಿ ಇರುವುದು ಸೋಮೇಶ್ವರ ವನ್ಯಜೀವಿಧಾಮದೊಳಗೆ. ಆ ಚರ್ಚೆ ವರ್ಷಗಟ್ಟಲೆ ನಡೆಯುವಂಥದ್ದು. ಅದು ಮುಗಿಯುವವರೆಗೆ ಹದಿನಾಲ್ಕೂ ತಿರುವಿನ ಚರಂಡಿಯನ್ನು ಯಾರು ಬಿಡಿಸುತ್ತಾರೆಂಬ ಪ್ರಶ್ನೆಗೆ ಸುರಂಗದ ಮಾತಿನಲ್ಲಿ ಉತ್ತರವಿಲ್ಲ.

ಎರಡನೆಯ ಪರಿಹಾರ ಕಾಂಕ್ರೀಟ್. ಡಾಂಬರಿಗೆ ಮಳೆ ಆಗದು, ಕಾಂಕ್ರೀಟಿಗೆ ಆಗುತ್ತದೆ ಎಂಬ ನಂಬಿಕೆಯಿಂದ ಊರೂರಿಗೆ ಕಾಂಕ್ರೀಟ್ ರಸ್ತೆ ಬಂದಿದೆ. ಘಾಟಿಯ ಕಡಿದಾದ ತಿರುವಿನಲ್ಲಿ ಅದು ಉಪಯುಕ್ತ, ಅದರಲ್ಲಿ ಅನುಮಾನವಿಲ್ಲ. ಆದರೆ ಕಾಂಕ್ರೀಟಿನ ಹಲಗೆಗಳ ಸಂದಿಯಲ್ಲೂ ನೀರು ಇಳಿಯುತ್ತದೆ, ಅಡಿಯ ಮಣ್ಣನ್ನು ಕದಡಿ ಹೊರಗೆಳೆಯುತ್ತದೆ. ಕೆಳಗೆ ಪೊಳ್ಳಾದ ಹಲಗೆ ಮುರಿಯುತ್ತದೆ. ಡಾಂಬರಿನ ಗುಂಡಿ ತುಂಬಬಹುದು, ಮುರಿದ ಹಲಗೆಯನ್ನು ಒಡೆದೇ ತೆಗೆಯಬೇಕು. ಊರೊಳಗೆ ಚರಂಡಿಯಿಲ್ಲದೆ ಎತ್ತರಿಸಿ ಹಾಕಿದ ಕಾಂಕ್ರೀಟು ಬದಿಯ ಮನೆಗಳ ಅಂಗಳಕ್ಕೆ ನೀರು ನುಗ್ಗಿಸುವುದು ಬೇರೆ ಸಂಕಟ.

ಭಾರದ ವಿಚಾರಕ್ಕೂ ಒಂದು ಮಾತು ಸಲ್ಲಬೇಕು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ ತಿಳಿದುಬಂದದ್ದು: ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕೇಳಲು ಸಣ್ಣ ಏರಿಕೆ. ಅದೇ ಲೆಕ್ಕದಲ್ಲಿ ಹಾನಿ ಶೇ. 60ರಷ್ಟು ಹೆಚ್ಚು. ಹಳೆಯ ಭಾರಕ್ಕೆ ಹಾಕಿದ ರಸ್ತೆಗಳ ದಪ್ಪವನ್ನು ಆ ದಿನ ಯಾರೂ ಹೆಚ್ಚಿಸಲಿಲ್ಲ. ನೆನೆದ ಮಣ್ಣಿನ ಮೇಲೆ ಈ ಹೊಸ ಭಾರ ಹಾದಾಗ ಆಗುವುದನ್ನೂ ಮಳೆಯ ಲೆಕ್ಕಕ್ಕೇ ಬರೆಯಲಾಗುತ್ತಿದೆ.

ನೀತಿಯ ದೋಷ ಇನ್ನೂ ಮೇಲಿನಿಂದ ಇಳಿದು ಬಂದಿದೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲಿನಲ್ಲಿ 500 ಜನರ, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರ ವಸತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಗುಡ್ಡಗಾಡು ರಾಜ್ಯಗಳ ಪಟ್ಟಿ ಮುಖ್ಯವಾಗಿ ಹಿಮಾಲಯದ ಸೀಮೆಯದು, ಈಶಾನ್ಯದ್ದು, ಅದರಲ್ಲಿ ಕರ್ನಾಟಕವಿಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೆ ನಾಲ್ಕು ಮನೆ ಇರುವ ಹೊಸನಗರ ತಾಲ್ಲೂಕಿಗೂ ಬಯಲುಸೀಮೆಯ ಅಳತೆಗೋಲೇ ಬಂತು. ಅಂದಾಜು ತಯಾರಿಸುವ ಮಾದರಿಯೂ ಹಾಗೆಯೇ. ಆನಂದಪುರದಿಂದ ಪೂರ್ವಕ್ಕೆ ಮಳೆ ಇಳಿಯುತ್ತ ಹೋಗುತ್ತದೆ, ಹುಲಿಕಲ್ಲಿನ ಕಡೆಗೆ ಏರುತ್ತ ಹೋಗುತ್ತದೆ. ಎರಡೂ ಕಡೆಗೆ ಮೋರಿಯ ಅಗಲ, ಮೋರಿಗಳ ನಡುವಿನ ಅಂತರ ಒಂದೇ ಆಗಿರಲು ಸಾಧ್ಯವಿಲ್ಲ.

ದೊಡ್ಡ ಕೆಲಸ ಮಾಡಲು ಬರುವುದಿಲ್ಲವೆಂದೇನಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ ತಾಲ್ಲೂಕಿನ ಕರೂರು ಸೀಮೆಯನ್ನು ಬೇರ್ಪಡಿಸಿತು. ತುಮರಿಯ ಜನ ಆರು ದಶಕ ಲಾಂಚ್ ಕಾಯುತ್ತ ಕಳೆದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ತೂಗುಕೇಬಲ್ಲಿನ ಸೇತುವೆ ಉದ್ಘಾಟನೆಯಾಯಿತು. ಸುಮಾರು 470 ಕೋಟಿ ರೂಪಾಯಿಯ ಈ ಕೆಲಸ ನಾಡು ಹೆಮ್ಮೆಪಡುವಂಥದ್ದೇ, ಹಿನ್ನೀರಿನ ಜನರಿಗೆ ಬಹಳ ತಡವಾಗಿ ಸಂದ ಋಣ. ಅದೇ ಜನ ಸೇತುವೆ ಇಳಿದು ಮನೆಗೆ ಹೋಗುವ ದಾರಿಯ ಒಂದು ಮೋರಿ ಕಟ್ಟಿಕೊಂಡರೆ ಬಿಡಿಸುವವರಿಲ್ಲ. ನಡುನೀರಿನಲ್ಲಿ ಕಂಬ ನಿಲ್ಲಿಸಲು ಬಂದವರಿಗೆ ಚರಂಡಿ ತೋಡಲು ಬಾರದೆ ಇರುವುದಿಲ್ಲ. ಚರಂಡಿಗೆ ಉದ್ಘಾಟನೆಯಿಲ್ಲ, ಅಡಿಗಲ್ಲಿಲ್ಲ. ಅದೇ ಅದರ ದುರದೃಷ್ಟ.

ಹಣವಿಲ್ಲ ಎಂಬ ಸಬೂಬು ಕೊನೆಯದು, ಅತ್ಯಂತ ದುರ್ಬಲವಾದದ್ದು. ಆಫ್ರಿಕದ ರಸ್ತೆಗಳಿಗೆ ಹೊತ್ತಿಗೆ ಸರಿಯಾಗಿ 1,200 ಕೋಟಿ ಡಾಲರ್ ನಿರ್ವಹಣೆ ವೆಚ್ಚ ಮಾಡಿದ್ದರೆ 4,500 ಕೋಟಿ ಡಾಲರಿನ ಪುನರ್ನಿರ್ಮಾಣ ತಪ್ಪುತ್ತಿತ್ತೆಂದು ವಿಶ್ವಬ್ಯಾಂಕಿನ 1994ರ ವರದಿ ಲೆಕ್ಕ ಕೊಟ್ಟಿತು. ಅಷ್ಟು ದೂರ ಹೋಗುವುದೇ ಬೇಡವೆಂದರೆ, ಘಾಟಿಯ ಕೆಳಗೆ 1998ರಿಂದ ಪೂರ್ತಿಯಾಗಿ ಓಡುತ್ತಿರುವ ಕೊಂಕಣ ರೈಲ್ವೆ ಇದೆ. ಅದರ ಮೇಲೂ ಕರಾವಳಿಯ ಜಡಿಮಳೆಯೇ ಸುರಿಯುತ್ತದೆ. ಅಲ್ಲಿಯೂ ಗುಡ್ಡ ಜರಿಯುತ್ತದೆ, ಅನಾಹುತಗಳೂ ಆಗಿವೆ. ಆದರೆ ಪ್ರತಿ ಮಳೆಗಾಲಕ್ಕೂ ಅಲ್ಲಿ ಬೇರೆ ವೇಳಾಪಟ್ಟಿ, ಹಳಿಯ ಗುಂಟ ಹಗಲಿರುಳು ಕಾವಲು ತಿರುಗುವ ಆಳುಗಳು, ಮಳೆಗೆ ಮುನ್ನ ಚರಂಡಿ ಬಿಡಿಸುವ ಕಟ್ಟುನಿಟ್ಟು. ಮಳೆಯನ್ನು ನೆಪವಾಗಿ ಕಾಣದೆ ಕೆಲಸದ ಭಾಗವಾಗಿ ಕಂಡದ್ದರಿಂದ ರೈಲು ಓಡುತ್ತಿದೆ.

ಈ ಮೂರು ತಾಲ್ಲೂಕುಗಳಿಗೆ ಬೇಕಾದದ್ದು ಇಷ್ಟೇ. ಪ್ರತಿ ಅಂದಾಜಿನಲ್ಲಿ ಚರಂಡಿ, ಮೋರಿ, ಧರೆಯ ಅಗಳು ಮೊದಲ ಸಾಲಿಗೆ ಬರಲಿ; ಅವು ಮುಗಿಯದೆ ಡಾಂಬರಿನ ಬಿಲ್ಲು ಪಾಸಾಗದಿರಲಿ. ಪೈಪು ಹೂತವರು ಚರಂಡಿಯನ್ನು ಮೊದಲಿದ್ದಂತೆ ಮಾಡಿಕೊಡಲಿ, ಮನೆದಾರಿ ಮಾಡಿಕೊಂಡವರು ಪೈಪು ಹಾಕಲಿ. ಗ್ಯಾಂಗ್ ಕೂಲಿಗಳನ್ನು ಆಯಾ ಊರಿನಿಂದಲೇ ಮತ್ತೆ ನೇಮಿಸಿ, ಜೂನಿನಿಂದ ಸೆಪ್ಟೆಂಬರಿನವರೆಗೆ ತಮ್ಮ ಪಾಲಿನ ರಸ್ತೆಯನ್ನು ದಿನವೂ ನಡೆದು ನೋಡುವ ಹೊಣೆ ಕೊಡಲಿ. ಮುಂದಿನ ಮೇ ತಿಂಗಳು ಮುಗಿಯುವುದರೊಳಗೆ ಆಗುಂಬೆಯಿಂದ ಜೋಗದವರೆಗಿನ ಪ್ರತಿ ಮೋರಿಯ ಬಾಯಿಯೂ ತೆರೆದಿರಬೇಕು.